ಎಲಚಿ ವಡೆ ಒಣಗುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎಲಚಿ ಹಣ್ಣಿನ ವಡೆ ಮಾಡಿ ಗೊತ್ತಿರುವವರು ಯಾರಾದರೂ ಇದ್ದೀರಾ? ಎಣ್ಣೆಯಲ್ಲಿ ಕರಿಯುವುದಲ್ಲ, ಬಿಸಿಲಲ್ಲಿ ಒಣಗಿಸುವ ಹುಳಿ-ಸಿಹಿ-ಖಾರದ ಕಂದು ಬಿಲ್ಲೆ.

ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಎರೆಯಲು ತಂದ ಹಣ್ಣು ತುಂಬಾ ಉಳಿದಿತ್ತು. ನಾಟಿ ಹಣ್ಣೇ, ಸಣ್ಣದು, ಒಳ್ಳೆ ಹುಳಿ. (ಈಗ ಬರುವ ಸೇಬಿನಂಥ ದೊಡ್ಡ ಎಲಚಿ ಇದಕ್ಕೆ ದಂಡ, ಬರೀ ನೀರು.) ಒಣಮೆಣಸಿನಕಾಯಿ, ಕಲ್ಲುಪ್ಪು, ಇಂಗು, ಬೆಲ್ಲ ಹಾಕಿ ಬೀಜ ಸಮೇತ ಕುಟ್ಟಿ ತಟ್ಟಿದೆ. ರುಚಿಗೆ ಮೋಸ ಇಲ್ಲ. ಒಣಗುವುದೇ ಕಷ್ಟ. ಮೇಲೆ ಗಟ್ಟಿಯಾಗಿದೆ, ಮುರಿದರೆ ಒಳಗೆ ಇನ್ನೂ ಅಂಟಂಟು, ಬೆರಳಿಗೆ ಎಳೆ ಎಳೆಯಾಗಿ ಬರುತ್ತದೆ. ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್. ಬಾಲ್ಕನಿಗೆ ಬಿಸಿಲು ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ.

ಬೆಲ್ಲ ಜಾಸ್ತಿ ಆಗಿರಬಹುದಾ? ಒಂದು ಸೇರು ಹಣ್ಣಿಗೆ ನೀವು ಎಷ್ಟು ಹಾಕುತ್ತೀರಿ? ಕುಟ್ಟುವ ಮೊದಲೇ ಹಣ್ಣನ್ನು ಬಾಡಿಸಬೇಕಾ? ಓವನ್‌ನಲ್ಲಿ 60 ಡಿಗ್ರಿಗೆ ಇಟ್ಟರೆ ನಡೆಯುತ್ತದಾ? ನಮ್ಮತ್ತೆ ಹುಣಸೆಹಣ್ಣು ಸೇರಿಸು ಅನ್ನುತ್ತಾರೆ. ಆಗ ಅದು ಹುಣಸೆಹಣ್ಣು ಕುಟ್ಟಿ ಮಾಡುವ ಕುಟ್ಟುಂಡೆಯೇ ಆಗಿಬಿಡುತ್ತದೆ, ಅಲ್ವಾ?

ಬೂಷ್ಟು ಹಿಡಿಯುವ ಮೊದಲು ಯಾರಾದರೂ ಹೇಳಿ. ಚಿತ್ರದುರ್ಗ, ತುಮಕೂರು ಕಡೆಯವರು ಇದ್ದರೆ ಅಳತೆ ಸಮೇತ ಬರೆಯಿರಿ, ಪುಣ್ಯ ಬರುತ್ತದೆ.