‘ಕ್ಲರ್ಕ್ಸ್’ ಚಿತ್ರದ ಮುಚ್ಚಿದ ಷಟರ್‌ಗೆ ಕಾರಣವೇನು?

ಪ್ರಶ್ನೆ:
ಕೆವಿನ್ ಸ್ಮಿತ್ ಅವರು 1994ರಲ್ಲಿ ತೆರೆಗೆ ತಂದ ‘ಕ್ಲರ್ಕ್ಸ್’ ಚಿತ್ರವನ್ನು ನಿನ್ನೆ ನೋಡಿದೆ. ಗಲ್ಲಾದ ಹಿಂದೆ ದಿನ ದೂಡುವ ಇಬ್ಬರು ಯುವಕರ ಮಾತೇ ಚಿತ್ರವನ್ನು ಹೊತ್ತು ಸಾಗುತ್ತದೆ. ಕಥೆ ಹಗಲಿನಲ್ಲಿ ನಡೆದರೂ ಅಂಗಡಿಯ ಷಟರ್ ಮುಚ್ಚಿಯೇ ಇರುತ್ತದೆ. ಇದಕ್ಕೂ ಕಪ್ಪು-ಬಿಳುಪು ಛಾಯಾಗ್ರಹಣಕ್ಕೂ ಕಲಾತ್ಮಕ ಉದ್ದೇಶವಿದೆಯೇ?

ಉತ್ತರ 1:
ಎರಡಕ್ಕೂ ಮೂಲ ಹಣದ ಕೊರತೆ. ಸ್ಮಿತ್ ಅವರು ನ್ಯೂಜೆರ್ಸಿಯ ಲಿಯೊನಾರ್ಡೊದಲ್ಲಿರುವ ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದರು. ವ್ಯಾಪಾರ ಮುಗಿದ ಬಳಿಕ, ರಾತ್ರಿ ಮಾತ್ರ ಚಿತ್ರೀಕರಿಸಲು ಸಾಧ್ಯವಿದ್ದುದರಿಂದ, ಹೊರಗಿನ ಕತ್ತಲೆ ಕಾಣದಿರಲೆಂದು ಷಟರ್ ಮುಚ್ಚಿದರು; ಅದು ತೆರೆಯದಿರುವುದಕ್ಕೆ ಕಾರಣವಾಗಿ, ಅದರ ಬೀಗಕ್ಕೆ ಯಾರೋ ಚೂಯಿಂಗ್ ಗಮ್ ತುರುಕಿದ್ದಾರೆಂಬ ಪ್ರಸಂಗವನ್ನೇ ಕಥೆಯೊಳಗೆ ಹೆಣೆದರು. ಸುಮಾರು 27 ಸಾವಿರ ಡಾಲರ್‌ಗಳ ವೆಚ್ಚವನ್ನು ಕ್ರೆಡಿಟ್ ಕಾರ್ಡ್ ಸಾಲದಿಂದಲೂ ತಮ್ಮ ಕಾಮಿಕ್ಸ್ ಸಂಗ್ರಹವನ್ನು ಮಾರಿದ ಹಣದಿಂದಲೂ ಹೊಂದಿಸಿದರು. 16 ಮಿ.ಮೀ. ಕಪ್ಪು-ಬಿಳುಪು ಫಿಲ್ಮ್ ಬಳಸಿದ್ದರಿಂದ ಬೆಳಕಿನ ಬಣ್ಣಗಳನ್ನು ಹೊಂದಿಸುವ ತೊಡಕೂ ತಪ್ಪಿತು.

ಉತ್ತರ 2:
ಕಾರಣ ಹಣವೇ ಆಗಿದ್ದರೂ ಪರಿಣಾಮ ಅಲ್ಲಿಗೇ ನಿಲ್ಲುವುದಿಲ್ಲ. ಜವಳಿ ಅಂಗಡಿಯೊಂದರಲ್ಲಿ ಎರಡು ವರ್ಷ ದುಡಿದ ನನಗೆ, ಹೊರಗೆ ಹೊತ್ತು ಏರಿದ್ದೂ ಇಳಿದದ್ದೂ ತಿಳಿಯದ ಆ ಟ್ಯೂಬ್‌ಲೈಟ್ ಬೆಳಕಿನ ದಿನಗಳು ಇಷ್ಟು ನಿಜವಾಗಿ ಬೇರೆಲ್ಲೂ ಕಂಡಿಲ್ಲ. ಆ ಇಬ್ಬರು ಯುವಕರಲ್ಲೊಬ್ಬನಾದ, ರಜೆಯ ದಿನವೂ ಕೆಲಸಕ್ಕೆ ಬರಬೇಕಾದ ಡಾಂಟೆಯ ಗೊಣಗಾಟ ನಮ್ಮದೇ ಆಗಿತ್ತು.

ಉತ್ತರ 3:
ಮೊದಲ ಆವೃತ್ತಿಯ ಕೊನೆಯಲ್ಲಿ ದರೋಡೆಕೋರನೊಬ್ಬ ಡಾಂಟೆಯನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಅದನ್ನು ಕೈಬಿಟ್ಟದ್ದು ಸರಿಯಾದ ತೀರ್ಮಾನ. ಮರುದಿನವೂ ಅದೇ ಗಲ್ಲಾದ ಹಿಂದೆ ನಿಲ್ಲಬೇಕೆಂಬುದೇ ಈ ಕಥೆಗೆ ತಕ್ಕ ಅಂತ್ಯ.