ಎಸೆನ್ಶಿಯಲ್ ಆಯಿಲ್‌ಗೆ ಕನ್ನಡದಾಗ ಏನಂತೀರಿ? (ನಾಳೆ ಬೋರ್ಡ್ ಪ್ರಿಂಟ್‌ಗೆ ಹೋಗ್ತದ)

ಎಲ್ಲರಿಗೂ ನಮಸ್ಕಾರ. ಧಾರವಾಡದಾಗ ಒಂದು ಪ್ರದರ್ಶನಕ್ಕ ಫಲಕ ಬರೆಯೋ ಕೆಲಸ ನನ್ನ ಕೊರಳಿಗೆ ಬಿದ್ದದ. ವಿಷಯ ಪಶ್ಚಿಮ ಘಟ್ಟದ ಕಾಡುಗಿಡಗಳ ಎಸೆನ್ಶಿಯಲ್ ಆಯಿಲ್, ಅವುಗಳ ಆಂಟಿಮೈಕ್ರೋಬಿಯಲ್ ಗುಣ. ಇಂಗ್ಲಿಷ್ ಕೊಟ್ಟವರೇ ಕನ್ನಡವನ್ನೂ ಕೊಟ್ಟಾರ: ‘ಅಗತ್ಯ ತೈಲಗಳ ಸೂಕ್ಷ್ಮಜೀವಿ ನಿರೋಧಕತೆ’. ಓದಿದರ ರೇಶನ್ ಅಂಗಡಿ ಪಾಮ್ ಎಣ್ಣಿ ನೆನಪಾಗ್ತದ. ಹುಡುಕಿದಾಗ ಸಾರಭೂತ ತೈಲ, ಸುಗಂಧ ತೈಲ, ಬಾಷ್ಪಶೀಲ ತೈಲ ಮೂರೂ ಸಿಕ್ಕವು. ಯಾವುದು ಹಾಕಲಿ? ಫ್ಲೆಕ್ಸ್‌ನವ ನಾಳೆ 11ಕ್ಕ ಮ್ಯಾಟರ್ ಕೇಳ್ಯಾನ.

* * *

‘ಅಗತ್ಯ’ ಶುದ್ಧ ತಪ್ಪು. ಇಲ್ಲಿನ ಎಸೆನ್ಶಿಯಲ್ ಬಂದದ್ದು ಎಸೆನ್ಸ್‌ನಿಂದ, ಅಂದರೆ ಸಾರ. ಹಾಗಂತ ‘ಸಾರಭೂತ’ವೂ ಬೇಡ, ಭೂತ ಕಂಡು ಮಕ್ಕಳು ನಗುತ್ತಾರೆ. ಅದಿರಲಿ, ತೈಲ ಯಾಕೆ ಬೇಕು? ಎಳ್ + ನೆಯ್ = ಎಣ್ಣೆ. ಅಚ್ಚಗನ್ನಡ ಪದ ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲು ಬಡಿಯುವ ಚಟ ನಮಗೆ ಹೋಗಲಿಲ್ಲ.
— ಹುಬ್ಬಳ್ಳಿಯಿಂದ

* * *

ಸರ್, ತೈಲ ತಿಲದಿಂದ ಬಂದದ್ದು. ನಿಮ್ಮ ಎಣ್ಣಿನೂ ಎಳ್ಳು, ಅವರ ತೈಲಾನೂ ಎಳ್ಳು. ಇಂಗ್ಲಿಷಿನವರ ಆಯಿಲ್ ಆಲಿವ್ ಕಾಯಿದು. ಹುಟ್ಟು ಕೇಳಿ ಪದ ಆರಿಸೋದಾದರ ಮೂರೂ ಹೊರಗ.

ಹೆಸರು ಬಿಡ್ರಿ, ವಸ್ತು ನೋಡ್ರಿ. ಒಂದು ಹಾಳಿ ಮ್ಯಾಲೆ ಒಂದು ಹನಿ ಕುಸುಬಿ ಎಣ್ಣಿ, ಬಾಜೂಕ ಒಂದು ಹನಿ ನೀಲಗಿರಿ ಎಣ್ಣಿ ಹಾಕ್ರಿ. ಕುಸುಬಿ ಕಲಿ ಹಂಗ ಕುಂತಿರ್ತದ, ನೀಲಗಿರಿದು ಹಾರಿ ಹೋಗ್ತದ. ಗಾಣಕ್ಕ ಹಾಕಿ ಹಿಂಡಿದ್ದಲ್ಲ ಇದು, ಸೊಪ್ಪಿನೊಳಗ ಹಬಿ ಹಾಯಿಸಿ ಇಳಿಸಿದ್ದು. ‘ಆವಿಯೆಣ್ಣೆ’ ಅನ್ರಿ, ಮುಗೀತು. ಸುಗಂಧ ತೈಲ ಅಂದರ ಮಂದಿ ಅತ್ತರ್ ಅಂತ ತಿಳೀತಾರ.
— ಗದಗ

* * *

ಎಣ್ಣೆ ಜಗಳದಲ್ಲಿ ‘ನಿರೋಧಕತೆ’ ತಪ್ಪಿಸಿಕೊಂಡಿದೆ. ಎರಡರಲ್ಲಿ ಅಪಾಯದ ಪದ ಅದು. ನೀರು ತಡೆಯೋದು ಜಲನಿರೋಧಕ, ಮೈಯ ಶಕ್ತಿ ರೋಗನಿರೋಧಕ, ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಕ್ಕೂ ‘ಔಷಧ ನಿರೋಧಕ’. ‘ಸೂಕ್ಷ್ಮಜೀವಿ ನಿರೋಧಕತೆ’ ಅಂದರೆ ಎಣ್ಣೆಗೆ ಬಗ್ಗದ ಸೂಕ್ಷ್ಮಜೀವಿ ಅಂತಲೂ ಓದಬಹುದು, ಅಂದರೆ ತೀರಾ ಉಲ್ಟಾ! (ಬರೀ ‘ನಿರೋಧ’ ಅಂದರೆ ಊರ ಮಂದಿಗೆ ಏನು ನೆನಪಾಗ್ತದೆ ಅಂತ ನಾನು ಬರೆಯೋದಿಲ್ಲ.)

ಅದರ ಬದಲು ‘ನಾಶಕ’ ಅನ್ನೋಣ ಅಂದರೆ ಅದೂ ಅವಸರದ ಮಾತು. ಲ್ಯಾಬಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೆನೆಯ ಹಾಗೆ ಹರಡಿರುತ್ತದೆ. ಎಣ್ಣೆ ಅದ್ದಿದ ಕಾಗದದ ಬಿಲ್ಲೆಯ ಸುತ್ತ ಮಾತ್ರ ಬೋಳು ಉಂಗುರ. ಅಲ್ಲಿ ಅವು ಸತ್ತಿವೆಯೋ, ಬರೀ ಬೆಳವಣಿಗೆ ನಿಂತಿದೆಯೋ, ಉಂಗುರ ಹೇಳುವುದಿಲ್ಲ. ಚಕ್ಕೆಯ ಸಿನ್ನಮಾಲ್ಡಿಹೈಡ್, ಲವಂಗದ ಯೂಜಿನಾಲ್ ಇಂಥ ರಾಸಾಯನಿಕಗಳು ಬ್ಯಾಕ್ಟೀರಿಯಾ ಜೀವಕೋಶದ ಜಿಡ್ಡಿನ ಪೊರೆಗೆ ಸೇರಿ ಅದನ್ನು ಸೋರುವ ಹಾಗೆ ಮಾಡುತ್ತವೆ. ಹೊರಗೆ ಇನ್ನೊಂದು ಪೊರೆ ಹೊದ್ದ ಗ್ರಾಂ-ನೆಗೆಟಿವ್ ಅನ್ನುವ ಬ್ಯಾಕ್ಟೀರಿಯಾ ಜಾತಿಗಳು ಸಾಮಾನ್ಯವಾಗಿ ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ‘ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ’ ಅಂತ ಬಿಡಿಸಿ ಬರೆಯಿರಿ. ಎರಡು ಪದ ಹೆಚ್ಚಾದರೆ ಫ್ಲೆಕ್ಸ್ ಹರಿಯೋದಿಲ್ಲ.
— ಹಾವೇರಿ

* * *

ಸೂಕ್ಷ್ಮವೂ ಸಂಸ್ಕೃತ, ಜೀವಿಯೂ ಸಂಸ್ಕೃತ, ಗುಣವೂ ಸಂಸ್ಕೃತ. ‘ಕಿರುಹುಳ’ ಅನ್ನಲು ಏನು ಕಷ್ಟ?
— ಹುಬ್ಬಳ್ಳಿಯಿಂದ

* * *

ಅವು ಹುಳ ಅಲ್ಲ. ಅದೇ ಕಷ್ಟ.
— ಹಾವೇರಿ

* * *

ದಾಲ್ಚಿನ್ನಿ ಪಾರ್ಸಿಯಿಂದ ಬಂತು, ಅದರ ಅರ್ಥ ಚೀನಾದ ಕಟಗಿ. ನೀಲಗಿರಿ ಗಿಡ ಆಸ್ಟ್ರೇಲಿಯಾದ್ದು, ಹೆಸರು ಅಷ್ಟ ನಮ್ಮ ಗುಡ್ಡದ್ದು. ಸಿನಿಯೋಲ್ ಅನ್ನೋ ವಾಸನಿ ರಾಸಾಯನಿಕ ನೀಲಗಿರಿಯೊಳಗೂ ಅದ, ಹಾವೇರಿಯವರ ಹಾರದ ಏಲಕ್ಕಿಯೊಳಗೂ ಅದ, ಅದು ಜಾತಿ ಕೇಳಿ ಕುಂತಿಲ್ಲ. ಅಚ್ಚಗನ್ನಡ ಅನ್ನೋರು ಮೊದಲ ಅಡಗಿಮನಿ ಡಬ್ಬಿ ಮ್ಯಾಲಿನ ಚೀಟಿ ಬದಲಿ ಮಾಡ್ರಿ. ಅಂದಂಗ, ಫಲಕದಾಗ ನೀಲಗಿರಿ ಹಾಕಿಲ್ಲ ಹೌದಲ್ರಿ? ಘಟ್ಟದ ಕಾಡಿನ ಗಿಡ ಅಲ್ಲ ಅದು.
— ಗದಗ

* * *

ಹಾಕಿದ್ದೆ. ತೆಗೆದೆ ರೀ.

ಮ್ಯಾಟರ್ ಕಳಿಸಿದೆ: ‘ಕಾಡುಗಿಡಗಳ ಆವಿಯೆಣ್ಣೆ: ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ’. ಪ್ರೂಫ್ ಈಗ ಬಂತು. ಮೊದಲ ದೀರ್ಘ ಹಾರಿ ‘ಅವಿಯೆಣ್ಣೆ’ ಆಗ್ಯದ. ಫೋನ್ ಮಾಡಿದರ ಫ್ಲೆಕ್ಸ್‌ನವ ಕೇಳ್ತಾನ: “ಅಂಥಾ ಎಣ್ಣಿ ಎಲ್ಲದ ರೀ? ಔಡಲ ಎಣ್ಣಿ ಇರಬೇಕು, ತಿದ್ದಲೇನು?”