200ರ ಫೈಬರ್ ಲೈನ್, 18 ಜನ: 20ನೇ ತಾರೀಕು ಬಂದರೆ ಏನೂ ತೆರೆಯುವುದಿಲ್ಲ

ಲೆಕ್ಕದಮನೆ (ದಾವಣಗೆರೆ):
ನಮ್ಮದು ಆಡಿಟರ್ ಆಫೀಸು. 18 ಜನಕ್ಕೆ 200 ಎಂಬಿಪಿಎಸ್‌ನ ಒಂದೇ ಫೈಬರ್ ಲೈನು. ಫೈಬರ್ ಬಾಕ್ಸಿನಿಂದ ಒಂದು ಕೇಬಲ್ ಒಳಕೋಣೆಯ ನೆಟ್‌ವರ್ಕ್ ಸ್ವಿಚ್‌ಗೆ (ಒಂದು ಲೈನನ್ನು ಹಲವು ಕೇಬಲ್‌ಗೆ ಹಂಚುವ ಡಬ್ಬಿ), ಅಲ್ಲಿಂದ ಎಲ್ಲಾ ಸಿಸ್ಟಮ್‌ಗಳಿಗೆ. ಲ್ಯಾಪ್‌ಟಾಪ್‌ನವರು ಬಾಕ್ಸಿನ ವೈಫೈ ಹಿಡಿಯುತ್ತಾರೆ. ಜಿಎಸ್‌ಟಿಆರ್-3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಫೈಲ್ ಮಾಡುವ 20ನೇ ತಾರೀಕು ಹತ್ತಿರ ಬಂತೆಂದರೆ ಮಧ್ಯಾಹ್ನದ ಮೇಲೆ ಪೋರ್ಟಲ್ ತೆರೆಯುವುದೇ ಇಲ್ಲ. ಓಟಿಪಿ ಹಾಕುವಷ್ಟರಲ್ಲಿ ಸೆಷನ್ ಹೋಗಿರುತ್ತದೆ. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಪಾರ್ಟಿಗಳಿಗೆ ಏನಂತ ಹೇಳುವುದು? ಸ್ಪೀಡ್ ಟೆಸ್ಟ್ ಯಾವಾಗ ಹಾಕಿದರೂ 94, ಅದರ ಮೇಲೆ ಹೋಗುವುದಿಲ್ಲ. ನಮ್ಮ ಸರ್ 500ರ ಪ್ಲಾನ್ ಹಾಕಿಸೋಣ ಅಂತಿದ್ದಾರೆ. ಹಾಕಿಸಬಹುದಾ?

ತಂತಿಕೆಲಸ (ಹುಬ್ಬಳ್ಳಿ):
ಸದ್ಯಕ್ಕೆ ದುಡ್ಡು ಕಟ್ಟಬೇಡಿ. 500 ಹಾಕಿಸಿದರೂ ನಿಮಗೆ 94 ಅಷ್ಟೇ ಬರುತ್ತದೆ.

100 ಎಂಬಿಪಿಎಸ್ ಪೋರ್ಟಿನಿಂದ ಕೈಗೆ ಸಿಗುವುದು ಹೆಚ್ಚುಕಮ್ಮಿ 94. ಅಂದರೆ ನಿಮ್ಮ ದಾರಿಯಲ್ಲಿ ಎಲ್ಲೋ ಒಂದು ಕಡೆ 100ಕ್ಕೆ ಗಂಟು ಬಿದ್ದಿದೆ. ಒಂದೋ ಸ್ವಿಚ್ ಹಳೆಯದು, ಇಲ್ಲಾ ಕೇಬಲ್. ಗಿಗಾಬಿಟ್‌ಗೆ (1 ಜಿಬಿಪಿಎಸ್) ಕೇಬಲ್ ಒಳಗಿನ ಎಂಟೂ ಎಳೆ ಬೇಕು. 100ಕ್ಕೆ 1, 2, 3, 6ನೇ ಪಿನ್ನಿನ ನಾಲ್ಕು ಸಾಕು. ಹಾಗಾಗಿ ನೀಲಿ ಜೋಡಿಯೋ ಕಂದು ಜೋಡಿಯೋ ತುಂಡಾದರೆ ನೆಟ್ ನಿಲ್ಲುವುದಿಲ್ಲ, ಸುಮ್ನೆ 100ಕ್ಕೆ ಇಳಿದುಬಿಡುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಸ್ವಿಚ್‌ಗೆ ಬರುವ ಕೇಬಲ್ ಕಿತ್ತು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ, ಈಥರ್ನೆಟ್ ಸ್ಟೇಟಸ್‌ನಲ್ಲಿ 100 ಎಂಬಿಪಿಎಸ್ ಇದೆಯೋ 1 ಜಿಬಿಪಿಎಸ್ ಇದೆಯೋ ನೋಡಿ.

ಆದರೆ ಪೋರ್ಟಲ್ ನಿಲ್ಲಲು ಕಾರಣ ಅದಲ್ಲ. ರಿಟರ್ನ್ ಹಾಕಲು 18 ಜನಕ್ಕೆ 94 ಧಾರಾಳ. ನನಗೆ ಅನುಮಾನ ಅಪ್‌ಲೋಡ್ ಮೇಲೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಹಾಕಿ ಬಿಡಿ, ಅಲ್ಲಿಗೆ ಹೋಗಿ ಬರಲು ಎಷ್ಟು ಹೊತ್ತು ಅಂತ ಅದು ತೋರಿಸುತ್ತದೆ. ನೆಟ್ ಕೈಕೊಟ್ಟಾಗ ಎಷ್ಟು ಮಿಲಿಸೆಕೆಂಡ್ ಬರುತ್ತದೆ ಹೇಳಿ.

ಲೆಕ್ಕದಮನೆ:
ನೀವು ಹೇಳಿದ್ದು ಸರಿ. ಲ್ಯಾಪ್‌ಟಾಪ್‌ನಲ್ಲೂ 100 ಅಂತಲೇ ಬಂತು. ಕೇಬಲ್ ತುದಿಯ ಕ್ಲಿಪ್ ಬೆಳಕಿಗೆ ಹಿಡಿದು ನೋಡಿದರೆ ನೀಲಿ ಎಳೆ ತುದಿ ಮುಟ್ಟಿಯೇ ಇಲ್ಲ, ಅರ್ಧಕ್ಕೇ ನಿಂತಿದೆ. ಪಿಂಗ್ ಬೆಳಿಗ್ಗೆ 12 ಇತ್ತು. ಮಧ್ಯಾಹ್ನ ಸ್ಕ್ಯಾನ್ ಮಾಡಿದ ಬಿಲ್ಲುಗಳು ಆನ್‌ಲೈನ್ ಡ್ರೈವ್‌ಗೆ ಹತ್ತಲು ಶುರುವಾದ ಮೇಲೆ 700 ದಾಟಿತು. ಅಪ್‌ಲೋಡ್ ನಿಲ್ಲಿಸಿದ ಕೂಡಲೇ ಮತ್ತೆ 12! ಲೈನಿನ ಅಪ್‌ಲೋಡ್ 40.

ಶಿವಮೊಗ್ಗದವಳು:
ಇದಕ್ಕೆ ಬಫರ್‌ಬ್ಲೋಟ್ ಅಂತಾರೆ. ರೇಷನ್ ಅಂಗಡಿ ಸಾಲಿನಲ್ಲಿ ಒಬ್ಬನೇ ಊರವರ ಕಾರ್ಡೆಲ್ಲ ಹಿಡಿದು ಮುಂದೆ ನಿಂತ ಹಾಗೆ. ನಿಮ್ಮ ಓಟಿಪಿ ಚಿಕ್ಕದೇ, ಆದರೆ ಆ ಸ್ಕ್ಯಾನ್‌ಗಳ ಹಿಂದೆ ಕಾಯಬೇಕು. ಇವತ್ತೇ ಮಾಡಬಹುದಾದದ್ದು: ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಿ.

ಕಾಯಂ ಪರಿಹಾರ ಬೇಕಿದ್ದರೆ ಬಾಕ್ಸ್ ಮತ್ತು ಸ್ವಿಚ್ ನಡುವೆ ಎಸ್‌ಕ್ಯೂಎಂ (ಡೇಟಾದ ಸಾಲನ್ನು ನಿಭಾಯಿಸುವ ಸೌಲಭ್ಯ) ಇರುವ ರೂಟರ್ ಇಡಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದ್ದಾದರೂ ಆಗುತ್ತದೆ, ಮೈಕ್ರೋಟಿಕ್ ಕಂಪನಿಯದಾದರೂ ಸರಿ (ಅದರ ಸಾಫ್ಟ್‌ವೇರ್ ರೂಟರ್ ಓಎಸ್ 7 ಇರಲಿ). ಸೆಟ್ಟಿಂಗ್ಸ್‌ನಲ್ಲಿ ಕ್ಯೂ (ಸಾಲು) ವಿಧಾನ ಕೇಕ್ ಅಥವಾ ಎಫ್‌ಕ್ಯೂ-ಕೋಡೆಲ್ ಇಡಿ. ಮಿತಿಯನ್ನು ಲೈನಿಗಿಂತ ಸ್ವಲ್ಪ ಕಮ್ಮಿ ಕೊಡಬೇಕು, 40 ಇದ್ದರೆ 36. ಆಗ ಸಾಲು ನಿಮ್ಮ ರೂಟರಿನಲ್ಲೇ ನಿಲ್ಲುತ್ತದೆ, ಅದು ಎಲ್ಲರಿಗೂ ಸರದಿ ಹಂಚುತ್ತದೆ. ಇನ್ನೊಂದು, ತುಂಬಾ ಜನ ಮರೆಯುವುದು: ಫೈಬರ್ ಬಾಕ್ಸಿನ ವೈಫೈ ಆರಿಸಿ. ಇಲ್ಲದಿದ್ದರೆ ಲ್ಯಾಪ್‌ಟಾಪ್‌ನವರು ಹೊಸ ರೂಟರನ್ನು ಮುಟ್ಟದೆ ಹಾಗೇ ಹೊರಗೆ ಹೋಗುತ್ತಾರೆ, ಮಾಡಿದ್ದೆಲ್ಲ ದಂಡ. ಅವರಿಗೆ ರೂಟರಿನ ಕಡೆಯಿಂದಲೇ ವೈಫೈ ಕೊಡಿ.

ಲೆಕ್ಕದಮನೆ:
ಡ್ರೈವ್‌ಗೆ ಮಿತಿ ಹಾಕಿದೆ, ಪಿಂಗ್ 30 ದಾಟುತ್ತಿಲ್ಲ. ಪ್ಲಾನ್ ಬದಲು ರೂಟರ್ ತರೋಣ ಅಂತ ಸರ್ ಕೂಡ ಒಪ್ಪಿದರು. ತುಂಬಾ ಥ್ಯಾಂಕ್ಸ್ ಅಕ್ಕಾ, ಅಣ್ಣಾ. ಅಂದರೆ 20ಕ್ಕೆ ಇನ್ನು ತೊಂದರೆ ಇರಲ್ಲ ಅಲ್ವಾ?

ತಂತಿಕೆಲಸ:
ನಿಮ್ಮ ಕಡೆಯಿಂದ ಇರುವುದಿಲ್ಲ. ಆದರೆ ಆವತ್ತು ಇಡೀ ದೇಶವೇ ಫೈಲ್ ಮಾಡುತ್ತಿರುತ್ತದೆ ನೋಡ್ರಿ. ಪುಟ ಸಿಕ್ಕಿಹಾಕಿಕೊಂಡರೆ ಮೊದಲು ಪಿಂಗ್ ನೋಡಿ, ಆಮೇಲೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದೇ ಪುಟ ತೆರೆಯಿರಿ. ಅಲ್ಲೂ ತೆರೆಯದಿದ್ದರೆ ಪೋರ್ಟಲ್ಲೇ ನಿಧಾನ, ಲೈನ್ ಮುಟ್ಟಬೇಡಿ. ಆ ನೀಲಿ ಎಳೆಯ ಕ್ಲಿಪ್ ಮಾತ್ರ ಈ ವಾರವೇ ಕತ್ತರಿಸಿ ಹೊಸದು ಒತ್ತಿಸಿ, ಎರಡೂ ತುದಿ.